ದೇವರ ದನ ಕಾಯುವವನ ಕಸುಬು

ಕಬ್ಬಿನ ಕಟ್ಟಿಗೆ ಹೋರಿ ಬಾಯಿ ಹಾಕಿತೋ ಇಲ್ಲವೋ, ನನಗೆ ಅದರಲ್ಲೇ ಅನುಮಾನ. ಹಾಕಿತು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಹೋರಿಯ ಕರಿ ಮೂತಿ, ಅದರ ಮೇಲಿನ ಜೊಲ್ಲು, ಕಬ್ಬಿನ ಗಿಣ್ಣು ಮುರಿದ ಸದ್ದು, ಎಲ್ಲ ಈಗ ಕಂಡಂತಿದೆ. ಆದರೆ ಕಳೆದ ತಿಂಗಳು ತಮಿಳು ಸೀಮೆಯ ನಮ್ಮೂರು ಕಂಬಂಗೆ ಹೋಗಿದ್ದಾಗ ಚಿಕ್ಕಪ್ಪನ ಮಗಳು ಲಕ್ಕಮ್ಮ, ಆವತ್ತು ನನ್ನ ಪಕ್ಕದಲ್ಲೇ ನಿಂತಿದ್ದವಳು, "ಇಲ್ಲಕ್ಕಾ, ಮೂಸಿ ನೋಡಿ ಆ ಕಡೆ ತಿರುಗ್ತು. ದೊಡ್ಡವ್ವನೇ ಕಬ್ಬ ಅದ್ರ ಬಾಯಿಗೆ ಒತ್ತಿದ್ದು" ಎಂದಳು. ದೊಡ್ಡವ್ವ ಎಂದರೆ ನನ್ನ ಅವ್ವ. ಹಾಗಾದರೆ ನಾನು ಕೇಳಿದ ಸದ್ದು ಯಾವುದು?

ನಾವಿಬ್ಬರೂ ಬಸ್ ಸ್ಟ್ಯಾಂಡಿನ ಎದುರು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಿದ್ದೆವು. ಹಿಂಡಿ ಎಸೆದ ಸಿಪ್ಪೆ ಬಿಸಿಲಿಗೆ ಹುಳಿತು ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ಈ ಮಾತು ಎದ್ದದ್ದು. ಲಕ್ಕಮ್ಮನ ಮೊಮ್ಮಗ ಪಕ್ಕದಲ್ಲೇ ತನ್ನ ಶೇರ್ ಆಟೋ ನಿಲ್ಲಿಸಿಕೊಂಡು, ಯಾರೋ ಬಿಟ್ಟುಹೋದ ಪೇಪರು ತಿರುವುತ್ತಿದ್ದ. ಇಂಜಿನಿಯರಿಂಗ್ ಓದಿದ ಹುಡುಗ. ನಮ್ಮ ಮನೆಮಾತಿನ ಕನ್ನಡ ಅವನಿಗೆ ಅರ್ಥವಾಗುತ್ತದೆ, ಆಡಲು ನಾಚುತ್ತಾನೆ. ತಮಿಳಿನಲ್ಲೇ ಅಜ್ಜಿಗೆ ಹೇಳಿದ; ವೇಲೆ ಎಂದರೆ ಕೆಲಸ, ನಮ್ಮ ಮಾತಿಗೂ ಸೇರಿಹೋದ ಪದ: "ದೇಶದಲ್ಲಿ ವೇಲೆ ಇಲ್ಲದೋರು ಕಮ್ಮಿ ಆಗಿದಾರಂತೆ ಪಾಟಿ. ನನ್ನಿಂದಲೇ. ನಾನು ಆಟೋ ಹತ್ತಿದ ದಿನ ಒಬ್ಬ ಕಮ್ಮಿ ಆದ."

ಲಕ್ಕಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಹೀಗೆಯೇ ಇನ್ನೊಬ್ಬ ಹೇಳಿದ್ದನ್ನು ನಾನು ಕೇಳಿದ್ದೆ, ಇದೇ ಊರಿನಲ್ಲಿ, ನಮ್ಮ ಮನೆಯ ಜಗಲಿಯಲ್ಲಿ.

ಅದು ಅರವತ್ತರ ದಶಕದ ನಡುವಿನ ಒಂದು ವರ್ಷ. ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ಅಕ್ಕಿಗೆ ಸಾಲು ನಿಲ್ಲುತ್ತಿದ್ದೆವು, ಅದು ಗೊತ್ತು. ಗಾಳಿ ಗೊತ್ತು. ಆನಿ ಆಡಿ ತಿಂಗಳಲ್ಲಿ, ಎಂದರೆ ಜೂನ್ ಜುಲೈ ಹೊತ್ತಿಗೆ, ಮಲೆಯಾಳದ ಬೆಟ್ಟಗಳ ಆಚೆ ಮಳೆ ಸುರಿಯುತ್ತದೆ, ಈಚೆ ನಮ್ಮ ಕಣಿವೆಗೆ ಅದರ ಗಾಳಿ ಮಾತ್ರ ಇಳಿಯುತ್ತದೆ. ತುಂತುರು ಇದ್ದರೂ ಅದು ನೆಲ ಮುಟ್ಟುವ ಮೊದಲೇ ಹಾರಿಹೋಗುತ್ತದೆ. ಬಾಳೆಯ ಎಲೆಗಳು ಸೀಳಿ ದಾರವಾಗುತ್ತವೆ, ನಿಲ್ಲಿಸಿದ ಸೈಕಲ್ಲು ಬೀಳುತ್ತದೆ, ಜನ ಮಾತಾಡುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ಆ ವರ್ಷ ಎಂದರೆ ನನಗೆ ಹಲ್ಲಿನ ನಡುವಿನ ಮಣ್ಣು.

ಮನೆಯಲ್ಲಿ ಮೂವರಿದ್ದೆವು: ಅವ್ವ, ಅಣ್ಣ ಗೋಪಾಲ, ನಾನು. ಅಪ್ಪ ತೀರಿಹೋಗಿದ್ದರು, ಇದ್ದ ಒಂದು ತುಂಡು ಗದ್ದೆಯನ್ನು ಮಾವ ನೋಡಿಕೊಳ್ಳುತ್ತಿದ್ದ. ಅಣ್ಣ ಪಿ.ಯು.ಸಿ. ಪಾಸಾಗಿ ಟೈಪಿಂಗ್ ಕಲಿತಿದ್ದ. ನಮ್ಮ ಬೀದಿಯಲ್ಲಿ ಅಷ್ಟು ಓದಿದವನು ಅವನೊಬ್ಬನೇ. ಓದು ಮುಗಿದ ದಿನದಿಂದ ಅವನು ಕೆಲಸ ಹುಡುಕುತ್ತಲೇ ಇದ್ದ. ನಮ್ಮವರು ಬೆಳಿಗ್ಗೆ ಎದ್ದು ಗದ್ದೆಗೆ ಹೋದರೆ ಇವನು ಬೆಳಿಗ್ಗೆ ಎದ್ದು ಪೇಪರು ನೋಡಲು ಟೀ ಅಂಗಡಿಗೆ ಹೋಗುತ್ತಿದ್ದ. ಬರುವ ಮಾಸಿ ತಿಂಗಳಿಗೆ, ಫೆಬ್ರವರಿಯ ಹೊತ್ತಿಗೆ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸು ದಾಟಿಹೋಗುತ್ತಿತ್ತು. ಮನೆಯಲ್ಲಿ ಅದನ್ನು ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಆದರೆ ಅವ್ವ ಮಾಸಿ ಎಂಬ ತಿಂಗಳ ಹೆಸರನ್ನೇ ಎತ್ತುವುದನ್ನು ಬಿಟ್ಟು, ಅದರ ಹಿಂದಿನ ತಿಂಗಳು ಹಿಡಿದು ಮಾತಾಡುತ್ತಿದ್ದಳು. "ತೈ ಆದ ಮ್ಯಾಲೆ" ಎನ್ನುತ್ತಿದ್ದಳು.

ಗಾಳಿ ಶುರುವಾದ ಹೊಸದರಲ್ಲಿ ಅವನು ಹೂವಿನ ಪೇಟೆಯಾದ ನಿಲಕ್ಕೋಟ್ಟೈಗೆ ಒಂದು ಇಂಟರ್‌ವ್ಯೂಗೆ ಹೋದ. ಯಾವುದೋ ಸಂಘದ ಗುಮಾಸ್ತನ ಕೆಲಸ. ಒಗೆದು ಇಸ್ತ್ರಿ ಮಾಡಿದ ಅಂಗಿಯನ್ನು ಗಾಳಿಗೆ ಕೊಳೆಯಾಗಬಾರದೆಂದು ಚೀಲದಲ್ಲಿಟ್ಟುಕೊಂಡು, ಅಲ್ಲಿ ಹೋಗಿ ಬದಲಾಯಿಸಿದ. ಸಾಯಂಕಾಲ ಬಂದಾಗ ಅವನ ಮೈಯೆಲ್ಲ ಮಲ್ಲಿಗೆ ವಾಸನೆ. ಅವ್ವ ಎದ್ದು ನಿಂತಳು, ಆ ವಾಸನೆಯನ್ನೇ ಒಳ್ಳೆಯ ಸುದ್ದಿ ಎಂದುಕೊಂಡವಳಂತೆ.

"ಏನಾಯ್ತಪ್ಪ?"

"ಸಂಘದ ಬಾಗ್ಲಲ್ಲಿ ಹೂವಿನ ಮೂಟೆ, ಒಳಗಡೆ ನಾವು" ಎಂದ ಅಣ್ಣ, ಚಪ್ಪಲಿ ಬಿಡುತ್ತ. "ಹೂವಾದ್ರೂ ಮಧ್ಯಾನಕ್ಕೆ ಮಾರಿ ಹೋಯ್ತು. ನಮ್ಮನ್ನ ಯಾರೂ ತೂಕಕ್ಕೂ ಹಾಕ್ಲಿಲ್ಲ."

"ಕೇಳಿದ್ದುಕ್ಕೆ ಸರಿಯಾಗಿ ಹೇಳಿದ್ಯಾ?"

"ಕೇಳಿದ್ರೆ ತಾನೆ ಹೇಳೋದು. ನಾವು ಹೋಗೋಕೆ ಮುಂಚೆನೇ ಅಲ್ಲಿ ಒಬ್ಬ ಕುರ್ಚಿ ಮ್ಯಾಲೆ ಕೂತು ಕಣಕ್ಕು ಪುಸ್ತಕದಲ್ಲಿ ಲೆಕ್ಕ ಬರೀತಿದ್ದ. ಅವ್ನೇ ನಮ್ಗೆ ಕುಡ್ಯೋಕೆ ನೀರು ಕೊಟ್ಟಿದ್ದು. ಒಳ್ಳೆ ಹುಡುಗ."

ಅವ್ವ ಕೈಕಾಲು ತೊಳೆದು, ಸೆರಗು ಸರಿಮಾಡಿಕೊಂಡು, ದನದ ಹಟ್ಟಿಯ ಕಡೆಗೆ ಹೊರಟಳು.

ನಮ್ಮ ಜನಕ್ಕೆ ದೇವರ ದನ ಎಂಬುದೊಂದು ಉಂಟು. ಶತಮಾನಗಳ ಹಿಂದೆ ಕನ್ನಡ ಸೀಮೆಯಿಂದ ನಮ್ಮ ಹಿರಿಯರು ದನಗಳ ಹಿಂದೆ ನಡೆದುಬಂದರಂತೆ. ಆ ದನಗಳ ಸಂತಾನ ಎಂದು ನಂಬಿರುವ ಒಂದು ಮಂದೆಯನ್ನು ದೇವರೆಂದೇ ಸಾಕುತ್ತಾರೆ. ಅದನ್ನು ಹೂಡುವುದಿಲ್ಲ, ಹಾಲು ಕರೆಯುವುದಿಲ್ಲ, ಮಾರುವುದಿಲ್ಲ. ಮಂದೆಗೆ ಒಂದು ಹೋರಿ ಅರಸು. ಯಾರಿಗಾದರೂ ಏನಾದರೂ ಬೇಕಿದ್ದರೆ, ಮಗುವೋ ಮಳೆಯೋ, ಹೋರಿಯ ಮುಂದೆ ನಿಂತು ಹರಕೆ ಹೊರುತ್ತಾರೆ. ನಮ್ಮ ಮಾತಿನಲ್ಲಿ ಅದು ನೇರ್ತಿ. ಬೇಡಿದ್ದು ಕೈಗೂಡುವವರೆಗೆ ಮನೆಯ ಒಬ್ಬ ಗಂಡಾಳು ಮಂದೆಯ ಹಿಂದೆ ಹೋಗಬೇಕು. ಕೈಗೂಡಿದ ದಿನ ಒಂದು ಕಟ್ಟು ಕಬ್ಬು ತಂದು ಹೋರಿಯ ಮುಂದೆ ಇಡಬೇಕು. ಹೋರಿ ಬಾಯಿ ಹಾಕಿದರೆ ನೇರ್ತಿ ಸಂದಿತು.

ಅವ್ವ ಆವತ್ತು ಬೇಡಿಕೊಂಡು ಬಂದದ್ದು ಮಗನ ಕೆಲಸ.

ಅಣ್ಣ ಜಗಳ ಮಾಡಲಿಲ್ಲ. ಮಾಡಿದ್ದನೇನೋ, ನನಗೆ ನೆನಪಿಲ್ಲದಿರಬಹುದು. ನನಗೆ ಕಾಣುವುದು ಮಾರನೆಯ ಬೆಳಿಗ್ಗೆ ಅವನು ತಲೆಗೆ ಟವಲ್ ಸುತ್ತಿ, ಕೈಯಲ್ಲಿ ಕೋಲು ಹಿಡಿದು, ಅಂಗಿಯ ಜೇಬಿನಲ್ಲಿ ಪೆನ್ನು ಹಾಗೇ ಇಟ್ಟುಕೊಂಡು ಹೊರಟದ್ದು. ಮಂದೆಯ ಹತ್ತಿರ ಹೋಗಿ ನೋಡಿದರೆ ಅವನಿಗಿಂತ ಮೊದಲೇ ಅಲ್ಲಿ ಕೆಲವರಿದ್ದರು. ಎಲ್ಲರೂ ಎಸ್.ಎಸ್.ಎಲ್.ಸಿ. ಮುಗಿಸಿದವರು. ಬೀದಿಯ ತಾಯಂದಿರಿಗೆಲ್ಲ ಆ ವರ್ಷ ಹೊಳೆದದ್ದು ಒಂದೇ ಉಪಾಯ.

ಮಂದೆಯ ಹಿರಿಯ ಕೆಂಪಯ್ಯ ತಾತನಿಗೆ ಇದೊಂದು ಮೋಜು. ಹುಟ್ಟಿದಂದಿನಿಂದ ದನದ ಹಿಂದೆ ನಡೆದು ಅವನ ಕಾಲು ಬಿಲ್ಲಿನ ಹಾಗೆ ಬಾಗಿತ್ತು. ಬೀದಿಯಲ್ಲಿ ಮಂದೆ ಹೊಡೆದುಕೊಂಡು ಹೋಗುವಾಗ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ:

"ದಾರಿ ಬಿಡ್ರಮ್ಮೋ. ಪಾಸಾದೋರು ಬತ್ತಾವ್ರೆ. ಕಲೆಕ್ಟರ್ ಬಂಗ್ಲೆ ಬಾಗ್ಲಿಗೂ ಇಷ್ಟು ಓದಿದ ಕಾವಲಿಲ್ಲ."

"ತಾತ, ನಿಮ್ಮ ದನ ಇಂಗ್ಲೀಸ್ ಕಲ್ತ್ವಾ?" ಎಂದು ಯಾರಾದರೂ ಕೇಳಿದರೆ, "ಕಲ್ತವೆ. ಮೊದ್ಲು ಹೋ ಅಂದ್ರೆ ನಿಲ್ತಿದ್ವು. ಈಗ ಅರ್ಜಿ ಕೊಟ್ರೇನೇ ನಿಲ್ಲೋದು" ಎನ್ನುತ್ತಿದ್ದ.

ಅಣ್ಣ ನಗುತ್ತಿದ್ದ. ಬೆಟ್ಟದ ಬುಡದಲ್ಲಿ ಮಂದೆ ಮೇಯಲು ಬಿಟ್ಟು, ಕಲ್ಲಿನ ಮರೆಯಲ್ಲಿ ಕೂತು ಬಾಕಿ ಹುಡುಗರಿಗೆ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳುತ್ತಿದ್ದನಂತೆ. ಯಾವ ದೇಶದ ರಾಜಧಾನಿ ಯಾವುದು, ಯಾವ ನದಿ ಎಲ್ಲಿ ಹುಟ್ಟುತ್ತದೆ. ಗಾಳಿಗೆ ಏನೂ ಕೇಳಿಸದ್ದರಿಂದ ಉತ್ತರವನ್ನು ಕೂಗಿ ಹೇಳಬೇಕಿತ್ತಂತೆ. ಆ ಕಣಿವೆಯಲ್ಲಿ ರಾಜಧಾನಿಗಳ ಹೆಸರು ಕೂಗುತ್ತಿದ್ದ ದನ ಕಾಯುವವರನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೂ ಅದೇ ಹೆಚ್ಚು ನೆನಪಿರುವುದು, ಏಕೋ.

ಕೆಲಸಕ್ಕಾಗಿ ಹೆಸರು ನೋಂದಾಯಿಸುವ ಸರ್ಕಾರಿ ಕಚೇರಿಗೆ ನಮ್ಮವರು ವೇಲೆ ಆಪೀಸು ಎನ್ನುತ್ತಿದ್ದರು. ಅಣ್ಣ ಕಾರ್ಡು ನವೀಕರಿಸಲು ಅಲ್ಲಿಗೆ ಹೋಗಿ ಬಂದ ದಿನ ಒಂದು ಸುದ್ದಿ ತಂದ. ಅಂದು ಮಂದೆಗೆ ಅವನ ಬದಲು ಮಾವ ಹೋಗಿದ್ದ. ಸುದ್ದಿ ಏನೆಂದರೆ, ವೇಲೆ ಇದ್ದವರೆಷ್ಟು ಇಲ್ಲದವರೆಷ್ಟು ಎಂದು ಊರೂರಿಗೆ ಬಂದು ಎಣಿಸುತ್ತಾರೆ. ಓದಿ ಕೆಲಸವಿಲ್ಲದವರು ಯಾವ ತಾಲ್ಲೂಕಿನಲ್ಲಿ ಹೆಚ್ಚು ಸಿಗುತ್ತಾರೋ ಆ ತಾಲ್ಲೂಕಿಗೇ ಬಂದು, ಅಲ್ಲಿಯವರನ್ನೇ ನೋಡಿ, ಹೊಸ ಕಚೇರಿಗಳಿಗೆ ಗುಮಾಸ್ತರನ್ನು ಆರಿಸುತ್ತಾರೆ. ಇದನ್ನು ಹೇಳಿದ್ದು ಕಚೇರಿಯವರೋ ಸಾಲಿನಲ್ಲಿದ್ದ ಯಾರೋ ಗೊತ್ತಿಲ್ಲ. ಅಣ್ಣ ಪೂರ್ತಿ ನಂಬಿದ.

"ಅವ್ವ, ಕೇಳ್ಕೊ. ಎಣಿಸೋರು ಬಂದಾಗ ನಾನು ಮನೇಲಿಲ್ದೆ ಇದ್ರೆ ನೀನು ಹೇಳ್ಬೇಕಾದ್ದು ಒಂದೇ. ನನ್ ಮಗ ಓದ್ಯವ್ನೆ, ವೇಲೆ ಇಲ್ಲ, ಹುಡುಕ್ತಾವ್ನೆ. ಅಷ್ಟೇ."

"ಹೂಂ" ಎಂದಳು ಅವ್ವ, ರಾಗಿ ಕೇರುತ್ತ. ಮೊರದ ಮೇಲಿನ ಕಣ್ಣು ಎತ್ತಲಿಲ್ಲ.

ಎಣಿಸುವವನು ಬಂದದ್ದು ಬೆಳಗಿನ ಹೊತ್ತಿನಲ್ಲಿ, ಮಂದೆ ಬೆಟ್ಟಕ್ಕೆ ಹೋದ ಮೇಲೆ. ದಿಂಡಿಗಲ್ ಕಡೆಯವನು, ಸೆಲ್ವರಾಜ್ ಎಂದು ಹೆಸರು. ತೆಳ್ಳಗೆ, ಕಣ್ಣು ಗಾಳಿಗೆ ಕೆಂಪಾಗಿ, ಒಂದು ಕೈಯಲ್ಲಿ ಸೈಕಲ್ಲು ಇನ್ನೊಂದರಲ್ಲಿ ಕಾಗದದ ಕಟ್ಟು. ಜಗಲಿಯಲ್ಲಿ ಕೂತು ಕಾಗದ ಹರಡಿದರೆ ಅದು ಹಾರುತ್ತಿತ್ತು. ನಾನು ಒಳಗಿನಿಂದ ಅಕ್ಕಿ ಅಳೆಯುವ ಪಡಿ ತಂದುಕೊಟ್ಟೆ. ಅದನ್ನು ಕಾಗದದ ಮೇಲಿಟ್ಟು ಬರೆಯತೊಡಗಿದ.

"ಮಗ ಏನು ಮಾಡ್ತಾರಮ್ಮ?" ಎಂದು ತಮಿಳಿನಲ್ಲಿ ಕೇಳಿದ.

"ಸಾಮಿ ದನದ ಹಿಂದೆ ಹೋಗ್ಯವ್ನೆ" ಎಂದು ಅವ್ವನೂ ತಮಿಳಿನಲ್ಲೇ ಹೇಳಿದಳು.

"ಇವತ್ತಾ? ದಿನಾನಾ?"

"ದಿನಾನೂ. ಹೊತ್ತು ಹುಟ್ಟೋಕೆ ಮುಂಚೆ ಹೋದ್ರೆ ಹೊತ್ತು ಮುಳುಗ್ದ ಮ್ಯಾಲೆ ಬರ್ತಾನೆ."

"ಸಂಬಳ ಏನು ಕೊಡ್ತಾರೆ?"

"ಸಾಮಿ ಹತ್ರ ಸಂಬಳ ಕೇಳ್ತಾರಾ ತಂಬಿ? ನಿಮ್ಮೂರಲ್ಲಿ ಕೇಳ್ತಾರಾ?"

ಸೆಲ್ವರಾಜ್ ಮುಗುಳ್ನಕ್ಕ. "ಹಂಗಾದ್ರೆ ವೇಲೆ ಇಲ್ಲ ಅಂತ ಬರ್ಕೊಳ್ಲಾಮ್ಮ?"

ಅವ್ವನ ಮುಖ ಬಿಗಿದುಕೊಂಡಿತು. ನಾನು ನಮ್ಮ ಮಾತಿನಲ್ಲಿ, ಅವನಿಗೆ ತಿಳಿಯದಿರಲಿ ಎಂದು, "ಇಲ್ಲ ಅನ್ನವ್ವ. ಅಣ್ಣ ಹಂಗೇ ಹೇಳು ಅಂದಿಲ್ವಾ" ಎಂದೆ.

"ನೀ ಸುಮ್ಕಿರು ರಂಗಿ" ಎಂದಳು ಅವಳೂ ನಮ್ಮ ಮಾತಿನಲ್ಲಿ. "ಸಾಮಿ ವೇಲೇನ ವೇಲೆ ಅಲ್ಲ ಅಂತ ನನ್ ಬಾಯಲ್ಲಿ ಬಂದ್ರೆ ನೇರ್ತಿ ಮುರುದೋಯ್ತದೆ. ನೇರ್ತಿ ಮುರುದ್ರೆ ಅವ್ನಿಗೆ ವೇಲೆ ಕೊಡೋರ್ಯಾರು, ಇವ್ನಾ?"

ಮಗನಿಗೆ ಕೆಲಸ ಸಿಗಬೇಕಾದರೆ ಅವಳು ಅವನಿಗೆ ಕೆಲಸವಿದೆ ಎನ್ನಬೇಕಾಗಿತ್ತು.

ಸೆಲ್ವರಾಜ್ ನನ್ನ ಕಡೆ ನೋಡಿದ. ನಾನು ತಮಿಳಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ: ಪಿ.ಯು.ಸಿ. ಪಾಸಾಗಿದ್ದಾನೆ, ಹುಡುಕುತ್ತಿದ್ದಾನೆ, ದನ ಕಾಯುವುದು ಹರಕೆ, ಹೊಟ್ಟೆಪಾಡಲ್ಲ. ಅವನು ಪೂರ್ತಿ ಕೇಳಿದ. ಪೆನ್ನಿನ ಮುಚ್ಚಳ ಹಾಕಿದ, ಮತ್ತೆ ತೆಗೆದ.

"ನೀವು ಹೇಳೋದು ನಂಗೆ ಅರ್ಥ ಆಗ್ತದಮ್ಮ. ಆದ್ರೆ ನಮಗೆ ಹೇಳಿಕೊಟ್ಟಿರೋದು ಹೀಗೆ. ಸಂಬಳ ಬರ್ಲಿ ಬಿಡ್ಲಿ, ದಿನಾ ಒಂಚೂರು ಹೊತ್ತಾದ್ರೂ ಏನಾದ್ರೂ ಮಾಡ್ತಾ ಇದ್ರೆ ಅವ್ನು ವೇಲೆ ಇರೋನು. ಇವರು ಬೆಳಗಿಂದ ಸಾಯಂಕಾಲದವರೆಗೂ ಮಾಡ್ತಾರೆ."

ಕಸುಬು ಎಂಬ ಕಡೆ ದನ ಕಾಯುವುದು ಎಂದು ಬರೆದ. ಅವನು ಕಾಗದ ಮಡಚುವ ಮೊದಲು ಅವ್ವ ನನ್ನ ಕಡೆ ಕೈ ತೋರಿಸಿ, "ಇವ್ಳು ಮನೆಯೊಳಗೇ" ಎಂದಳು. ಅದಕ್ಕೆ ಅವನು ಏನನ್ನೂ ಕೇಳಲಿಲ್ಲ. ನಾನೂ ಎಸ್.ಎಸ್.ಎಲ್.ಸಿ. ಮುಗಿಸಿದ್ದೆ. ಟೀಚರ್ ಟ್ರೈನಿಂಗಿಗೆ ಹೋಗಬೇಕೆಂದು ನನಗೂ ಆಸೆಯಿತ್ತು. ಅದನ್ನು ಈಗ ಹೇಳಿಕೊಳ್ಳುತ್ತಿದ್ದೇನೆ; ಆವತ್ತು ನನಗೇ ಅದು ಹೇಳತಕ್ಕ ವಿಷಯ ಅನ್ನಿಸಿರಲಿಲ್ಲ.

ಸಾಯಂಕಾಲ ಅಣ್ಣ ಬಂದ. ವಿಷಯ ತಿಳಿದದ್ದೇ ಕೋಲು ಎಸೆದು ಓಡಿದ. ಸೆಲ್ವರಾಜ್ ಇನ್ನೂ ಬೀದಿ ಮುಗಿಸಿರಲಿಲ್ಲ. ಅವನನ್ನು ಕೈಹಿಡಿದು ಕರೆತಂದು ನಮ್ಮ ಜಗಲಿಯಲ್ಲೇ ಕೂರಿಸಿದ. ನಾನು ಮಜ್ಜಿಗೆ ಕೊಟ್ಟೆ. ಅಣ್ಣನ ರೆಪ್ಪೆ, ಹುಬ್ಬು, ಮೀಸೆ ಎಲ್ಲ ಧೂಳಿನಿಂದ ಬೆಳ್ಳಗಾಗಿ ಅವನು ಮುದುಕನ ಹಾಗೆ ಕಾಣುತ್ತಿದ್ದ.

"ಸಾರ್, ನಾನು ವೇಲೆ ಇಲ್ದೋನು. ತಿದ್ದಿ ಬರ್ಕೊಳ್ಳಿ."

"ತಿದ್ದಬಹುದು ತಂಬಿ. ಇವತ್ತು ಎಲ್ಲಿಗೆ ಹೋಗಿದ್ರಿ?"

ಅಣ್ಣನ ಮೈಯಿಂದ ದನದ ವಾಸನೆ ಬರುತ್ತಿತ್ತು.

"ಸುಳ್ಳು ಬರೀರಿ ಅಂದ್ರೆ ಬರೀತೀನಿ" ಎಂದ ಸೆಲ್ವರಾಜ್. "ಆದ್ರೆ ಮೇಲಿನೋರು ಬಂದು ಬೀದಿಯಲ್ಲಿ ಯಾರನ್ನ ಕೇಳಿದ್ರೂ, ಗೋಪಾಲನಾ, ಸಾಮಿ ದನದ ಹಿಂದೆ ಹೋಗ್ಯವ್ನೆ ಅಂತಾರೆ. ನನ್ ವೇಲೆ ಹೋಗ್ತದೆ." ಮಜ್ಜಿಗೆ ಕುಡಿದ. ಗಾಳಿಗೆ ಲೋಟದ ಮೇಲೆ ಅಂಗೈ ಮುಚ್ಚಿಕೊಂಡಿದ್ದ. "ನಾನು ಬಿ.ಎ. ತಂಬಿ. ದಿಂಡಿಗಲ್‌ನಲ್ಲಿ ಹೊಗೆಸೊಪ್ಪಿನ ಗೋದಾಮಿನ ಎದುರು ಮನೆ. ವರ್ಷಗಟ್ಟಲೆ ಜಗಲಿ ಮೇಲೆ ಕೂತು ಆ ಗೋದಾಮಿನ ಬಾಗ್ಲು ನೋಡಿದೀನಿ. ಈ ಎಣಿಕೆ ಮುಗಿಯೋ ತನಕ ನಾನೂ ವೇಲೆ ಇರೋನು. ಹಂಗಾಗಿ ದೇಶದಲ್ಲಿ ಒಬ್ಬ ಕಮ್ಮಿ. ಮುಗಿದ ಮಾರನೇ ದಿನ ನನ್ನ ಎಣಿಸೋಕೆ ಯಾರು ಬರ್ತಾರೆ?"

"ಹಂಗಾದ್ರೆ ಈ ಬೀದಿಲಿ ವೇಲೆ ಇಲ್ದೋರು ಒಬ್ರೂ ಇಲ್ವಾ?"

"ಮೂಲೆ ಮನೆ ಕಾಲಿಲ್ಲದ ತಾತ ಒಬ್ಬರು, ನಂಗೆ ವೇಲೆ ಇಲ್ಲಪ್ಪ ಬರ್ಕೋ ಅಂತ ಹಠ ಹಿಡಿದ್ರು. ಆದ್ರೆ ಅವರು ಹುಡುಕ್ತಾ ಇಲ್ಲ. ಹಂಗಾಗಿ ಅವರೂ ಸೇರಲ್ಲ."

ಅಣ್ಣ ನಗತೊಡಗಿದ. ಸೆಲ್ವರಾಜನೂ ನಕ್ಕ. ಇಬ್ಬರೂ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅವ್ವ ಒಳಗಿನಿಂದ ಬಂದು, "ನಗೋದಾದ್ರೆ ಉಂಡು ನಗಿ. ಬಾ ತಂಬಿ, ಮುದ್ದೆ ಐತೆ" ಎಂದು ಇಬ್ಬರಿಗೂ ಬಡಿಸಿದಳು. ತನ್ನಿಂದ ಏನಾಯಿತೆಂದು ಅವಳಿಗೆ ಗೊತ್ತಿತ್ತೇ? ಸೆಲ್ವರಾಜನ ತಟ್ಟೆಗೆ ಎರಡನೇ ಸಲ ಸಾರು ಹಾಕುವಾಗ ಅವಳು ಅಣ್ಣನ ತಟ್ಟೆ ಮರೆತಳೆಂದು ನಾನು ಬಹಳ ದಿನ ಹೇಳಿಕೊಂಡು ಬಂದಿದ್ದೇನೆ. ಅದನ್ನು ನಾನೇ ಸೇರಿಸಿರಬಹುದು.

ಅವನು ಸೈಕಲ್ ಹತ್ತಿ ಓಡೈಪಟ್ಟಿಯ ಕಡೆ ಹೋದ ಮೇಲೆ ಅಣ್ಣ ಅವ್ವನಿಗೆ ಹೇಳಿದ್ದು ಇಷ್ಟೇ: "ಒಂದು ಮಾತು ಅವ್ವ. ಇಲ್ಲ ಅನ್ನೋ ಒಂದು ಮಾತು."

"ಅದೊಂದು ಮಾತು ಬ್ಯಾಡ ಅಂತಾನೇ ಅಲ್ವಾ ನಾನು ಸಾಮಿ ಕಾಲು ಹಿಡ್ದಿರೋದು" ಎಂದಳು ಅವ್ವ.

ಮಾರನೆಯ ದಿನವೂ ಅವನು ಮಂದೆಯ ಹಿಂದೆ ಹೋದ. ಏಕೆ ಹೋದ? ಅವ್ವನ ಮೇಲಿನ ಪ್ರೀತಿಗೆ ಎಂದು ಬರೆದರೆ ಚೆನ್ನಾಗಿರುತ್ತದೆ. ಜಗಲಿಯಲ್ಲಿ ಸುಮ್ಮನೆ ಕೂತು ಬೀದಿಯವರ ಮುಖ ನೋಡುವುದಕ್ಕಿಂತ ಬೆಟ್ಟ ವಾಸಿ ಎಂದು ಹೋಗಿರಬಹುದು. ಬೇಸತ್ತವನಿಗೆ ದಿನವೂ ಹೋಗಿ ಬರಲು ಒಂದು ಜಾಗವಿದ್ದರೆ ಅದೇ ಕೆಲಸದ ಹಾಗೆ ಇರುತ್ತದೆ. ನಾನು ಮುಂದೆ ಮದುವೆಯಾಗಿ ಮೈಸೂರಿಗೆ ಹೋಗಿ, ಕನ್ನಡ ಓದು ಬರಹ ಕಲಿತ ಮೇಲೆ ನಿರುದ್ಯೋಗಿ ಎಂಬ ಪದವನ್ನು ಮೊದಲು ಕಂಡೆ. ನಮ್ಮ ಮನೆಯ ಮಾತಿನಲ್ಲಿ ಅಂಥದೊಂದು ಪದ ಇರಲಿಲ್ಲ. ಸುಮ್ಮನೆ ಇದ್ದಾನೆ ಎನ್ನುತ್ತಿದ್ದೆವು. ಬೆಳೆದ ಮಗನ ವಿಷಯದಲ್ಲಿ ಯಾವ ತಾಯಿ ಆ ಮಾತು ಆಡುತ್ತಾಳೆ?

ಪುರಟ್ಟಾಸಿಗೆ, ಸೆಪ್ಟೆಂಬರಿನ ಕೊನೆಗೆ, ಗಾಳಿ ನಿಂತಿತು. ಅದು ನಿಂತ ದಿನ ಕಿವಿ ಕಿವುಡಾದಂತಿತ್ತು. ಅದರ ಮುಂದಿನ ತಿಂಗಳು ಐಪ್ಪಸಿಯಲ್ಲಿ ಮೂಡಲ ಕಡೆಯ ಮಳೆ ಬಂತು, ಗದ್ದೆ ನಾಟಿಯಾಯಿತು. ಮಳೆಯ ದಿನಗಳಲ್ಲೇ ಒಂದು ಬೆಳಿಗ್ಗೆ ಟೀ ಅಂಗಡಿಯ ಪೇಪರಿನಲ್ಲಿ ಎಣಿಕೆಯ ಸುದ್ದಿ ಬಂತಂತೆ. ನಮ್ಮ ಕಣಿವೆಯ ಕಡೆ ಕೆಲಸವಿಲ್ಲದವರು ಇಲ್ಲವೆನ್ನುವಷ್ಟು ಕಡಿಮೆ ಎಂದು ಬರೆದಿತ್ತಂತೆ. ಅಂಗಡಿಯವನು ಅದನ್ನು ಗಟ್ಟಿಯಾಗಿ ಓದಿದನಂತೆ. ಬೆಂಚಿನ ಮೇಲಿದ್ದವರು, ಬೇಸಾಯಗಾರರು, ಹೆಮ್ಮೆಯಿಂದ ತಲೆ ಆಡಿಸಿದರಂತೆ. ನಾನು ಆ ಪೇಪರು ನೋಡಿಲ್ಲ.

ಗುಮಾಸ್ತರನ್ನು ಆರಿಸುವ ಕ್ಯಾಂಪು ಬೇರೆ ತಾಲ್ಲೂಕಿನಲ್ಲಿ ನಡೆಯಿತು. ಅಣ್ಣ ಅಲ್ಲಿಗೂ ಹೋದ. ಬಾಗಿಲಲ್ಲೇ ಒಬ್ಬರು ಕಾರ್ಡು ನೋಡಿ, "ನೀವು ಕಂಬಂ ಕಡೆಯವರಾ? ಈ ತಾಲ್ಲೂಕಿನವರಿಗೆ ಮಾತ್ರ. ನಿಮ್ಮ ಕಡೆ ಎಲ್ಲರಿಗೂ ವೇಲೆ ಇದೆಯಲ್ಲ" ಎಂದರಂತೆ. ವ್ಯಂಗ್ಯವಾಗಿ ಅಲ್ಲ, ಒಳ್ಳೆಯ ಮಾತಿನಲ್ಲೇ, ಅಭಿನಂದಿಸುವ ಹಾಗೆ. ಸಾಲಿನಲ್ಲಿ ಅವನ ಹಿಂದೆ ನಿಂತಿದ್ದವನು ಸೆಲ್ವರಾಜ್. ಎಣಿಕೆ ಮುಗಿದು ಅವನೂ ಸುಮ್ಮನೆ ಕೂತಿದ್ದ. ಅವನನ್ನೂ ಈ ತಾಲ್ಲೂಕಿನವನಲ್ಲ ಎಂದು ವಾಪಸು ಕಳಿಸಿದರಂತೆ. ಇಬ್ಬರೂ ಒಂದೇ ಟೀಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ಕುಡಿದರಂತೆ. ಇದು ಅಣ್ಣ ಹೇಳಿದ್ದು. ಅಷ್ಟು ಚೆನ್ನಾಗಿ ಕೂಡಿಬರುವುದು ಅನುಮಾನಕ್ಕೆ ಎಡೆ. ಆದರೆ ಹೇಳುವಾಗ ಅವನು ನಗಲಿಲ್ಲ. ಹೇಳಿ ಮುಗಿಸಿ, "ದಿಂಡಿಗಲ್‌ಗೆ ಬಾ ಅಂದ" ಎಂದ. ಅವ್ವ ಕೇಳಿಸದವಳಂತೆ ದೀಪಕ್ಕೆ ಎಣ್ಣೆ ಹಾಕಿದಳು.

ತೈ ತಿಂಗಳು ಬಂತು. ಪೊಂಗಲ್ ದಿನ ಎಲ್ಲರ ಬಾಗಿಲಿಗೂ ಕಬ್ಬು ಕಟ್ಟಿದರು. ನಮ್ಮ ಬಾಗಿಲಿಗೆ ಅವ್ವ ಕಟ್ಟಗೊಡಲಿಲ್ಲ. "ನೇರ್ತಿ ಕಬ್ಬು ಬಾಕಿ ಐತೆ. ಅದಾದ ಮ್ಯಾಲೇ ನಮ್ಗೆ" ಎಂದಳು. ಮಂದೆಯಲ್ಲಿದ್ದ ಉಳಿದ ಹುಡುಗರು ಒಬ್ಬೊಬ್ಬರಾಗಿ ಬಿಟ್ಟಿದ್ದರು. ಒಬ್ಬ ಏಲಕ್ಕಿ ತೋಟದಲ್ಲಿ ಲೆಕ್ಕ ಬರೆಯಲು ಹೋದ, ಒಬ್ಬ ಪಟ್ಟಾಳಕ್ಕೆ, ಎಂದರೆ ಸೈನ್ಯಕ್ಕೆ, ಸೇರಿದ. ಅವರ ತಾಯಂದಿರು ಕಬ್ಬು ಇಟ್ಟರು, ಹೋರಿ ತಿಂದಿತು. ಅಣ್ಣ ಮತ್ತು ಕೆಂಪಯ್ಯ ತಾತ ಇಬ್ಬರೇ ಉಳಿದರು. ತಾತ ತಮಾಷೆ ಮಾಡುವುದನ್ನು ನಿಲ್ಲಿಸಿದ್ದ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತ್ತು.

ಮಾಸಿ ಬಂತು. ಅಣ್ಣನ ವಯಸ್ಸು ದಾಟಿದ ದಿನ ಮನೆಯಲ್ಲಿ ಏನೂ ಆಗಲಿಲ್ಲ. ಅವ್ವ ಅಂಬಲಿ ಕೊಟ್ಟಳು, ಅವನು ಕುಡಿದು ಹೋದ.

ಅದಾದ ಸ್ವಲ್ಪ ದಿನಕ್ಕೆ, ಒಂದು ಸಾಯಂಕಾಲ, ಮಂದೆಯ ಜೊತೆ ಕೆಂಪಯ್ಯ ತಾತ ಒಬ್ಬನೇ ಬಂದ. ಅವನ ಕೈಯಲ್ಲಿ ಎರಡು ಕೋಲಿದ್ದವು. ಅಣ್ಣನ ಕೋಲನ್ನು ನಮ್ಮ ಜಗಲಿಗೆ ಒರಗಿಸಿ ಹೇಳಿದ:

"ನೀವು ನಡೀರಿ ತಾತ, ಬತ್ತೀನಿ ಅಂದ. ನಾನು ತಿರುಗಿ ನೋಡ್ಲಿಲ್ಲ ತಾಯಿ. ದನ ಬಿಟ್ಟು ತಿರುಗಿ ನೋಡೋಂಗಿಲ್ವಲ್ಲ."

ಅವನು ಘಟ್ಟದ ರಸ್ತೆ ಹತ್ತಿ ಮಲೆಯಾಳದ ಕುಮಿಳಿಯ ಕಡೆ ಹೋದನೆಂದು ಒಬ್ಬರು, ದಿಂಡಿಗಲ್ ಬಸ್ಸಿನಲ್ಲಿ ಕಂಡೆವೆಂದು ಒಬ್ಬರು. ಮಾವ ಎರಡೂ ಕಡೆ ಹೋಗಿ ಬಂದ. ಒಗೆದ ಅಂಗಿ ಪೆಟ್ಟಿಗೆಯಲ್ಲೇ ಇತ್ತು. ಪೆನ್ನು ಇರಲಿಲ್ಲ.

ಅವ್ವ ಅಳಲಿಲ್ಲ. ಎರಡು ಮೂರು ದಿನ ಒಲೆಯ ಮುಂದೆ ಕೂತೇ ಇದ್ದಳು. ಆಮೇಲೆ ಒಂದು ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಎಲ್ಲಿಂದಲೋ ಒಂದು ಕಟ್ಟು ಕಬ್ಬು ತಂದಳು. ಕಬ್ಬಿನ ಕಾಲ ಮುಗಿಯುತ್ತ ಬಂದಿತ್ತು. ಒಣಗಿದ ಸೋಗೆ, ಸಣ್ಣ ಗಿಣ್ಣು. ಅದನ್ನು ತಲೆಯ ಮೇಲೆ ಹೊತ್ತು ಬೀದಿಯ ನಡುವೆ ನಡೆದಳು. ನಾನು, ಲಕ್ಕಮ್ಮ ಹಿಂದೆ ಹೋದೆವು. ಬಾಗಿಲುಗಳಲ್ಲಿ ಹೆಂಗಸರು ನಿಂತರು.

"ಏನವ್ವ, ಕಬ್ಬು?"

"ಮಗನಿಗೆ ವೇಲೆ ಸಿಕ್ತು. ಹೋಗ್ಯವ್ನೆ."

"ಎಲ್ಲಿ?"

"ದೂರ."

ಪ್ರತಿ ಬಾಗಿಲಿಗೂ ಅದೇ ಮಾತು. ಯಾರೂ ಮರುಪ್ರಶ್ನೆ ಹಾಕಲಿಲ್ಲ. ನೇರ್ತಿಯ ಕಬ್ಬು ಹೊತ್ತವಳನ್ನು ಸುಳ್ಳಿ ಎನ್ನುವವರು ನಮ್ಮಲ್ಲಿ ಇಲ್ಲ. ಹಟ್ಟಿಯ ಮುಂದೆ ಕೆಂಪಯ್ಯ ತಾತ ಅವಳ ಮುಖವನ್ನು ನೋಡಿದ, ಕಬ್ಬನ್ನು ನೋಡಿದ, ಏನೂ ಕೇಳದೆ ಗೇಟಿನ ಗಳ ಸರಿಸಿದ. ಅವ್ವ ಕಟ್ಟನ್ನು ಹೋರಿಯ ಮುಂದೆ ಇಳಿಸಿ ಎರಡೂ ಕೈ ಮುಗಿದಳು.

ಇಲ್ಲಿಗೆ ಬಂದು ನನ್ನ ನೆನಪೂ ಲಕ್ಕಮ್ಮನ ನೆನಪೂ ಬೇರೆಯಾಗುತ್ತವೆ. ನನ್ನದರಲ್ಲಿ ಹೋರಿ ತಲೆ ತಗ್ಗಿಸಿ ಕಬ್ಬು ಮುರಿಯುತ್ತದೆ. ಅವಳದರಲ್ಲಿ ಅದು ಮೂಸಿ ತಿರುಗುತ್ತದೆ, ಅವ್ವ ಒಂದು ಜಲ್ಲೆ ಕಿತ್ತು ಅದರ ದವಡೆಗೆ ಒತ್ತುತ್ತಾಳೆ, ತಾತ ಬೇರೆ ಕಡೆ ನೋಡುತ್ತಾನೆ. ಎರಡರಲ್ಲೂ ಕೊನೆಗೆ ಕಬ್ಬು ಮುರಿದ ಸದ್ದಿದೆ.

ಮುಂದೆ ಅವ್ವ ಬದುಕಿರುವವರೆಗೂ, ಎಣಿಸುವವರು ಬರಲಿ ಬೀಗರು ಬರಲಿ, ಮಗ ವೇಲೆಯಲ್ಲಿ ದೂರ ಇದ್ದಾನೆ ಎಂದೇ ಹೇಳಿದಳು. ಎಲ್ಲರೂ ಹಾಗೇ ಬರೆದುಕೊಂಡು ಹೋದರು. ನಾನು ಮದುವೆಯಾದ ಮೇಲೆ ಒಮ್ಮೆ ದಿಂಡಿಗಲ್‌ನಲ್ಲಿ ಇಳಿದು, ಹೊಗೆಸೊಪ್ಪಿನ ಗೋದಾಮಿನ ಎದುರಿನ ಮನೆ ಹುಡುಕಿದೆ. ಆ ಊರಿನಲ್ಲಿ ಬೀದಿಗೊಂದು ಗೋದಾಮು, ಎಲ್ಲದರ ಎದುರೂ ಮನೆ, ಎಲ್ಲ ಮನೆಗೂ ಜಗಲಿ. ಜಗಲಿಗಳ ಮೇಲೆ ಗಂಡಸರು ಕೂತಿದ್ದರು. ಘಾಟಿಗೆ ಕಣ್ಣು ಉರಿದು ಸೀನು ಬಂತು. ಸೆಲ್ವರಾಜ್ ಎಂದು ಕೇಳಿದರೆ, ಯಾವ ಸೆಲ್ವರಾಜ್, ಏನು ಮಾಡ್ತಾರೆ ಎಂದರು. ಏನು ಮಾಡುತ್ತಾನೆಂದು ಹೇಳಲು ನನಗೆ ಬರಲಿಲ್ಲ.

ಅವ್ವನಿಗೆ ನಿಜವಾಗಿ ಯಾರ ಕೈಯಲ್ಲಾದರೂ ಸುದ್ದಿ ಬಂದಿತ್ತೇ, ಅಥವಾ ಕಬ್ಬು ಮೊದಲು ಕೊಟ್ಟರೆ ಸಾಮಿ ಕೆಲಸ ಕೊಟ್ಟೇ ತೀರಬೇಕಾಗುತ್ತದೆ ಎಂದುಕೊಂಡಳೇ, ಅಥವಾ ಮಗ ಓಡಿಹೋದ ಎಂದು ಬೀದಿ ಆಡಿಕೊಳ್ಳುವ ಮೊದಲು ಬಾಯಿ ಮುಚ್ಚಿಸಿದಳೇ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಈಗಲೂ ಯಾರಾದರೂ ನಿಮ್ಮ ಅಣ್ಣ ಏನು ಮಾಡುತ್ತಿದ್ದರು ಎಂದರೆ, ಕೆಲಸ ಸಿಕ್ಕಿ ದೂರ ಹೋದರು ಎನ್ನುತ್ತೇನೆ. ಅವನಿಗೆ ಕೆಲಸ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ.